ಹರಳಿನ ಅಂಚಿನಲ್ಲಿ ಉಳಿದ ದಿನಗಳ ಲೆಕ್ಕ

1963ರ ಮಾರ್ಚ್ 13ರಂದು ಕೋಸ್ಟರಿಕಾದ ಇರಾಸು ಜ್ವಾಲಾಮುಖಿ ಬೂದಿ ಉಗುಳಲು ಶುರುಮಾಡಿತು. ಅಮೆರಿಕದ ಅಧ್ಯಕ್ಷ ಕೆನಡಿ ಅದೇ ತಿಂಗಳು ರಾಜಧಾನಿ ಸಾನ್ ಹೊಸೆಗೆ ಬಂದಿದ್ದ ದಿನಗಳಲ್ಲಿ ಊರಿನ ಮೇಲೆ ಬೂದಿ ಸುರಿಯುತ್ತಿತ್ತು. ಅಲ್ಲಿಂದ ಮುಂದೆ 1965ರವರೆಗೂ ಅದು ನಿಲ್ಲಲಿಲ್ಲ. ಚರಂಡಿಗಳು ಕಟ್ಟಿಕೊಂಡವು, ಕಾಫಿ ತೋಟಗಳು ಬೂದಿ ಹೊದ್ದುಕೊಂಡವು. 1963ರ ಡಿಸೆಂಬರ್‌ನಲ್ಲಿ ರೆವೆಂಟಾಡೊ ನದಿಯಲ್ಲಿ ಇಳಿದುಬಂದ ಕೆಸರಿನ ಪ್ರವಾಹ ಕಾರ್ತಾಗೊ ಊರಿನ ಅಂಚಿನ ಮನೆಗಳನ್ನು ಕೊಚ್ಚಿಕೊಂಡು ಹೋಯಿತು.

ಐವತ್ತು ವರ್ಷ ಕಳೆದ ಮೇಲೆ, 2013ರಲ್ಲಿ, ಭೂವಿಜ್ಞಾನಿಗಳಾದ ಫಿಲಿಪ್ ರೂಪ್ರೆಕ್ಟ್ ಮತ್ತು ಟೆರಿ ಪ್ಲ್ಯಾಂಕ್ ಅದೇ ಸ್ಫೋಟದ ಬೂದಿ-ಕಲ್ಲುಚೂರುಗಳಿಂದ ಆರಿಸಿದ ಒಲಿವಿನ್ ಎಂಬ ಹಸಿರು ಖನಿಜದ ಹರಳುಗಳನ್ನು ಅಳೆದು ಒಂದು ಲೆಕ್ಕ ಮುಂದಿಟ್ಟರು. ಸುಮಾರು 35 ಕಿಲೋಮೀಟರ್ ಆಳದಲ್ಲಿ, ಭೂಮಿಯ ನಡುಪದರವಾದ ಮ್ಯಾಂಟಲ್ ಮುಗಿದು ಹೊರಚಿಪ್ಪು ಶುರುವಾಗುವ ಜಾಗದಿಂದ, ಶಿಲಾಪಾಕ, ಅಂದರೆ ಕರಗಿದ ಕಲ್ಲು, ಮೇಲಕ್ಕೆ ಬರಲು ತೆಗೆದುಕೊಂಡದ್ದು ಕೆಲವು ತಿಂಗಳಿಂದ ಕೆಲವು ವರ್ಷ ಮಾತ್ರ. ಇರಾಸುವಿನಂಥ ಜ್ವಾಲಾಮುಖಿಗಳ ಕೆಳಗೆ ಶಿಲಾಪಾಕ ಹೊರಚಿಪ್ಪಿನ ಅರೆಗಳಲ್ಲಿ ಸಾವಿರಾರು ವರ್ಷ ತಂಗಿ, ನಿಧಾನಕ್ಕೆ ತಣಿದು, ಬೆರೆತು, ಆಮೇಲೆ ಹೊರಬರುತ್ತದೆ ಎಂಬ ಚಿತ್ರಕ್ಕೆ ಇದು ಹೊಂದುವುದಿಲ್ಲ.

ಅವರು ಹಿಡಿದ ಎಳೆ ನಿಕ್ಕಲ್. ಒಲಿವಿನ್ ಹರಳುಗಟ್ಟುವಾಗ ಸುತ್ತಲಿನ ದ್ರವದಿಂದ ನಿಕ್ಕಲ್ಲನ್ನು ಬಾಚಿಕೊಳ್ಳುತ್ತದೆ. ಸ್ವಲ್ಪ ಒಲಿವಿನ್ ಹುಟ್ಟಿತೆಂದರೆ ದ್ರವದಲ್ಲಿ ನಿಕ್ಕಲ್ ಬರಿದಾಗಿಬಿಡುತ್ತದೆ. ಹೀಗಿರುವಾಗ ಹರಳಿನೊಳಗೆ ನಿಕ್ಕಲ್ ಹೆಚ್ಚಿರುವ ಪಟ್ಟಿ ಕಂಡರೆ, ಮ್ಯಾಂಟಲ್‌ನಿಂದ ಹೊಸದಾಗಿ ಬಂದ ದ್ರವವನ್ನು ಆ ಹರಳು ಮುಟ್ಟಿದೆ ಎಂದರ್ಥ. ಆ ಪಟ್ಟಿಯ ಅಂಚು ಇನ್ನೂ ಕಡಿದಾಗಿದ್ದರೆ, ಅದನ್ನು ಅಳಿಸಿಹಾಕುವಷ್ಟು ಕಾಲ ಸಿಕ್ಕಿಲ್ಲ. ಎಷ್ಟು ಕಾಲ ಸಿಕ್ಕಿತ್ತು ಎಂಬುದನ್ನು ದಿನಗಳಲ್ಲಿ ಹೇಳುವುದು ಹೇಗೆ, ಆ ಉತ್ತರ ಎಲ್ಲೆಲ್ಲಿ ದಾರಿ ತಪ್ಪುತ್ತದೆ ಎಂಬುದೇ ಇಲ್ಲಿಯ ವಿಷಯ.

ಬಣ್ಣ ಬಿಡುವ ಅಂಚಿನ ಸೀರೆಯನ್ನು ನೀರಿನಲ್ಲಿ ನೆನೆಹಾಕಿದರೆ ಅಂಚಿನ ಕೆಂಪು ಒಡಲಿಗೆ ಹರಡುತ್ತದೆ. ಹೆಚ್ಚು ಹೊತ್ತು ನೆನೆದಷ್ಟೂ ಕಲೆ ಅಗಲ. ಬಿಸಿನೀರಾದರೆ ಇನ್ನೂ ಬೇಗ. ತೆಗೆದು ಒಣಗಿಸಿದ ಮೇಲೆ ಹರಡುವುದು ನಿಂತಿತು. ಹತ್ತು ವರ್ಷ ಬಿಟ್ಟು ಪೆಟ್ಟಿಗೆಯಿಂದ ತೆಗೆದರೂ ಕಲೆಯ ಅಗಲ ಅಷ್ಟೇ. ಒಲಿವಿನ್‌ನಲ್ಲಿ ನಡೆಯುವ ವಿಸರಣೆಯೂ, ಅಂದರೆ ಪರಮಾಣುಗಳು ಹರಡುವುದೂ, ಹೀಗೆಯೇ. ಮೆಗ್ನೀಸಿಯಂ ಮತ್ತು ಕಬ್ಬಿಣ ಒಂದೇ ಜಾಲದಲ್ಲಿ ಜಾಗ ಹಂಚಿಕೊಂಡಿರುತ್ತವೆ. ನೂರು ಜಾಗಗಳಲ್ಲಿ 88ರಲ್ಲಿ ಮೆಗ್ನೀಸಿಯಂ ಇದ್ದರೆ ಅದನ್ನು ಫೋ 88 ಎನ್ನುತ್ತಾರೆ. ಬಿಸಿ ದ್ರವದಲ್ಲಿ ಬೆಳೆದ ಫೋ 88ರ ಹರಳು ತಣ್ಣಗಿನ, ಕಬ್ಬಿಣ ಹೆಚ್ಚಿರುವ ದ್ರವಕ್ಕೆ ಬಿದ್ದರೆ ಅದರ ಅಂಚು ಫೋ 80ರ ಕಡೆಗೆ ಸರಿಯುತ್ತದೆ. ಕಬ್ಬಿಣ ಒಳಕ್ಕೆ, ಮೆಗ್ನೀಸಿಯಂ ಹೊರಕ್ಕೆ. ನಡುವೆ ಒಂದು ಇಳಿಜಾರು ಏಳುತ್ತದೆ. ಸ್ಫೋಟವಾಗಿ ಹರಳು ಗಾಳಿಗೆ ಬಂದು ತಣಿದಾಗ ಆ ಇಳಿಜಾರು ಇದ್ದ ಹಾಗೇ ಹೆಪ್ಪುಗಟ್ಟುತ್ತದೆ. ಆದ್ದರಿಂದ ಈ ಗಡಿಯಾರ ಸ್ಫೋಟ ಯಾವಾಗ ಆಯಿತೆಂದು ಹೇಳುವುದಿಲ್ಲ, ಸ್ಫೋಟಕ್ಕೆ ಮುಂಚೆ ಎಷ್ಟು ದಿನ ನಡೆದಿತ್ತೆಂದು ಹೇಳುತ್ತದೆ.

ಮೊದಲು ಒಂದು ಒರಟು ಲೆಕ್ಕ ಮಾಡಿ ನೋಡೋಣ. ಅಂಚಿನಿಂದ ಎಷ್ಟು ಒಳಗೆ ಹೋದರೆ ಅಂಚಿಗೂ ನಡುಭಾಗಕ್ಕೂ ಇರುವ ವ್ಯತ್ಯಾಸ ಅರ್ಧವಾಗುತ್ತದೆ ಎಂದು ಅಳೆಯಿರಿ. ಆ ದೂರದ ವರ್ಗವನ್ನು ವಿಸರಣಾಂಕದಿಂದ, ಅಂದರೆ ಹರಡುವ ವೇಗ ಹೇಳುವ ಸಂಖ್ಯೆಯಿಂದ, ಭಾಗಿಸಿದರೆ ಸುಮಾರಾಗಿ ಕಾಲ ಸಿಗುತ್ತದೆ. 2007ರಲ್ಲಿ ಡೋಮೆನ್ ಮತ್ತು ಚಕ್ರವರ್ತಿ ಕೊಟ್ಟ ಸಮೀಕರಣವನ್ನು ಈಗ ಬಹುಪಾಲು ಎಲ್ಲರೂ ಬಳಸುತ್ತಾರೆ. ಅದರಂತೆ 1150 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಫೋ 85ರ ಒಲಿವಿನ್‌ನಲ್ಲಿ, ಬಸಾಲ್ಟ್ ಎಂಬ ಕಪ್ಪು ಲಾವಾಕಲ್ಲುಗಳಲ್ಲಿ ಸಾಮಾನ್ಯವಾಗಿರುವ ಆಕ್ಸಿಜನ್ ಮಟ್ಟದಲ್ಲಿ, ಹರಳಿನ ಮೂರು ಅಕ್ಷಗಳಲ್ಲಿ ಒಂದಾದ ಸಿ ಅಕ್ಷದ ಉದ್ದಕ್ಕೆ ವಿಸರಣಾಂಕ ಸೆಕೆಂಡಿಗೆ ಸುಮಾರು 1.2 × 10⁻¹⁶ ಚದರ ಮೀಟರ್. ಅರ್ಧವಾಗುವ ದೂರ 20 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಇದ್ದರೆ ಕಾಲ ಸುಮಾರು 39 ದಿನ. ಅದೇ ಹರಳು 1200 ಡಿಗ್ರಿಯಲ್ಲಿ ಇತ್ತೆಂದರೆ 17 ದಿನ. 1100 ಡಿಗ್ರಿಯಲ್ಲಿ ಇತ್ತೆಂದರೆ ಮೂರು ತಿಂಗಳು. ಹರಳು ಅದೇ, ಗೆರೆ ಅದೇ, ಅಳತೆ ಅದೇ. ಉಷ್ಣಾಂಶ ಐವತ್ತು ಡಿಗ್ರಿ ಆಚೀಚೆ ಆದರೆ ಉತ್ತರ ಎರಡು ಪಟ್ಟು ಆಚೀಚೆ. ಯಂತ್ರ ಎಷ್ಟೇ ಚೆನ್ನಾಗಿರಲಿ, ಉಷ್ಣಾಂಶ ಸರಿಯಿಲ್ಲದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ.

ಕೆಲಸ ಶುರುವಾಗುವುದು ಕಲ್ಲಿನ ಆಯ್ಕೆಯಲ್ಲಿ. ಲಾವಾ ಹರಿವಿನ ಕಲ್ಲು ಬೇಡ. ದಪ್ಪ ಲಾವಾದ ಒಳಭಾಗ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬಿಸಿಯಾಗಿರುತ್ತದೆ. ಗಡಿಯಾರ ಅಲ್ಲಿಯೂ ಓಡುತ್ತಲೇ ಇರುತ್ತದೆ, ಒಳಗಿನ ಕಾಲಕ್ಕೆ ಹೊರಗಿನ ಕಾಲ ಸೇರಿಕೊಳ್ಳುತ್ತದೆ. ಗಾಳಿಗೆ ಚಿಮ್ಮಿ ಬಿದ್ದ, ಗೋಲಿಯಿಂದ ನಿಂಬೆಹಣ್ಣಿನ ಗಾತ್ರದ ಸ್ಕೋರಿಯಾ, ಅಂದರೆ ತೂತುತೂತಾದ ಲಾವಾಕಲ್ಲಿನ, ತುಂಡುಗಳೇ ಒಳ್ಳೆಯವು. ಅವುಗಳಲ್ಲೂ ಸಣ್ಣವು ಮೇಲು. ಬಾಂಬು ಎನ್ನುವ ದೊಡ್ಡ ಲಾವಾ ಉಂಡೆಗಳ ನಡುಭಾಗ ನಿಧಾನವಾಗಿ ತಣಿಯುತ್ತದೆ.

ನಮ್ಮ ಕಡೆಯ ಓದುಗರಿಗೆ ಸಹಜವಾಗಿ ಬರುವ ಪ್ರಶ್ನೆ: ಬೆಳಗಾವಿ, ವಿಜಯಪುರ, ಕಲಬುರಗಿಯ ಕಪ್ಪುಕಲ್ಲಿನಲ್ಲಿ ಇದನ್ನು ಮಾಡಬಹುದೇ? ಡೆಕ್ಕನ್ ಲಾವಾಗಳಿಗೆ ಸುಮಾರು 6.6 ಕೋಟಿ ವರ್ಷ ಎಂಬುದು ತೊಡಕಲ್ಲ, ತಣಿದ ಗಡಿಯಾರಕ್ಕೆ ವಯಸ್ಸಾಗುವುದಿಲ್ಲ. ತೊಡಕು ಬೇರೆ. ಅವು ಬಹುಪಾಲು ದಪ್ಪ ಹರಿವುಗಳು, ಜೊತೆಗೆ ಅಷ್ಟು ಕಾಲ ನೀರು ಕುಡಿದ ಒಲಿವಿನ್ ಅಂಚಿನಿಂದಲೇ ಕೆಂಗಂದು ಬಣ್ಣದ ಇಡಿಂಗ್ಸೈಟ್ ಆಗಿ ಮಾರ್ಪಟ್ಟಿರುತ್ತದೆ. ನಮಗೆ ಬೇಕಾದ ಅಂಚೇ ಮೊದಲು ಹೋಗಿರುತ್ತದೆ. ದೇಶದೊಳಗೆ ಈ ಕೆಲಸಕ್ಕೆ ನಿಜವಾಗಿ ಒಗ್ಗುವ ಜಾಗ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸುಮ್ಮನಿದ್ದು 1991ರಲ್ಲಿ ಎದ್ದ ಅದು ಆಮೇಲೆ ಮತ್ತೆ ಮತ್ತೆ ಉಗುಳಿದೆ, ಅದರ ಬಸಾಲ್ಟ್‌ನಲ್ಲಿ ಹೊಸ ಒಲಿವಿನ್ ಇದೆ.

ಸ್ಕೋರಿಯಾವನ್ನು ಜಜ್ಜಬೇಕು, ಪುಡಿ ಮಾಡಬಾರದು. ಗಟ್ಟಿಯಾಗಿ ಕುಟ್ಟಿದರೆ ಹರಳು ಒಡೆದು ನಿಜವಾದ ಅಂಚು ಯಾವುದು, ಮುರಿದ ಮೈ ಯಾವುದು ಎಂಬುದು ಗೊತ್ತಾಗುವುದಿಲ್ಲ. ಜರಡಿ ಹಿಡಿದು ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನ ಭಾಗವನ್ನು ಉಳಿಸಿಕೊಂಡು, ನೀರಿನಲ್ಲಿ ತೊಳೆದು ಒಣಗಿಸಿ, ಜೋಡಿಕಣ್ಣಿನ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಆರಿಸಬೇಕು. ಎಳೆ ಹಸಿರು ಬಣ್ಣ, ಗಾಜಿನ ಹೊಳಪು. ಆರಿಸುವಾಗ ಒಂದನ್ನು ಮಾತ್ರ ಬಿಡಕೂಡದು: ಹರಳಿನ ಮೈಗೆ ಕಪ್ಪು ಗಾಜಿನ ತೆಳು ಪದರ ಅಂಟಿಕೊಂಡಿರಬೇಕು. ಆ ಗಾಜು ಸ್ಫೋಟದ ಹೊತ್ತಿನ ದ್ರವ. ಅದು ಅಂಟಿರುವ ಮೈ ನಿಜವಾದ ಅಂಚು ಎಂಬುದಕ್ಕೆ ಅದೇ ಸಾಕ್ಷಿ. ಹರಳು ಸುಂದರವಾಗಿದೆ ಎಂದು ಗಾಜಿಲ್ಲದ್ದನ್ನು ಆರಿಸಿದರೆ, ಅಂಚಿನ ಹತ್ತು ಮೈಕ್ರಾನ್ ಕಳೆದುಹೋಗಿದ್ದರೂ ತಿಳಿಯುವುದಿಲ್ಲ.

ಹರಳುಗಳನ್ನು ಅಂಟುಟೇಪಿನ ಮೇಲೆ ಸಾಲಾಗಿಟ್ಟು 25 ಮಿಲಿಮೀಟರ್ ಅಗಲದ ಅಚ್ಚಿನಲ್ಲಿ ಎಪಾಕ್ಸಿ ಸುರಿಯುತ್ತಾರೆ. ಗುಳ್ಳೆಗಳನ್ನು ನಿರ್ವಾತ ಪಾತ್ರೆಯಲ್ಲಿ ಹೊರತೆಗೆಯದಿದ್ದರೆ ಹರಳಿನ ಅಂಚಿನ ಪಕ್ಕದಲ್ಲೇ ಗುಳಿ ಬೀಳುತ್ತದೆ, ಉಜ್ಜುವಾಗ ಅಂಚು ಅಲ್ಲೇ ಉರುಟಾಗುತ್ತದೆ. ಉಜ್ಜುವುದು ಹರಳಿನ ಸರಿ ಅರ್ಧದವರೆಗೆ. ಇದು ಏಕೆ ಮುಖ್ಯ ಎಂಬುದನ್ನು ಮುಂದೆ ಹೇಳುತ್ತೇನೆ. ಆಮೇಲೆ 6, 3, 1 ಮೈಕ್ರಾನ್ ವಜ್ರದ ಪುಡಿ, ಕೊನೆಗೆ ಕೊಲಾಯ್ಡಲ್ ಸಿಲಿಕಾ. ಹರಳಿನ ಅಕ್ಷ ಅಳೆಯುವ ಉಪಕರಣ ಮೇಲ್ಮೈಯ ಕೆಲವೇ ಹತ್ತು ನ್ಯಾನೋಮೀಟರ್ ಆಳವನ್ನು ನೋಡುತ್ತದೆ, ಅಲ್ಲಿ ಗೀರು ಉಳಿದಿದ್ದರೆ ಅದಕ್ಕೆ ಏನೂ ಕಾಣುವುದಿಲ್ಲ. ಹಾಗಾಗಿ ಕೊನೆಯ ಹಂತವನ್ನು ಅವಸರಕ್ಕೆ ಬಿಟ್ಟರೆ ಇಡೀ ಅಚ್ಚನ್ನು ಮತ್ತೆ ಉಜ್ಜಬೇಕಾಗುತ್ತದೆ.

ಮೊದಲ ನೋಟ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ, ಹರಳಿಗೆ ತಾಗಿ ಹಿಂಚದುರಿದ ಎಲೆಕ್ಟ್ರಾನ್‌ಗಳ ಚಿತ್ರದಲ್ಲಿ. ಕಬ್ಬಿಣ ಹೆಚ್ಚಿದ್ದಲ್ಲಿ ಬೆಳ್ಳಗೆ, ಮೆಗ್ನೀಸಿಯಂ ಹೆಚ್ಚಿದ್ದಲ್ಲಿ ಕಪ್ಪಗೆ. ಕಪ್ಪು ಒಡಲು, ಬಿಳಿ ಅಂಚು, ನಡುವೆ ಬೂದುಬಣ್ಣದ ಇಳಿಜಾರು. ಹತ್ತಿರ ಹೋಗಿ ನೋಡಿದರೆ ಇಷ್ಟು ಸರಳವಾಗಿರುವುದಿಲ್ಲ. ಒಂದು ಮೂಲೆಯಲ್ಲಿ ಬಿಳಿ ಪಟ್ಟಿ ಅಗಲ, ಎದುರು ಬದಿಯಲ್ಲಿ ಕಿರಿದು. ಒಳಗೊಂದು ಸ್ಪಿನೆಲ್ (ಇನ್ನೊಂದು ಖನಿಜದ ಪುಟ್ಟ ಹರಳು) ಕಪ್ಪೆಮೊಟ್ಟೆಯಂತೆ ಕೂತಿರುತ್ತದೆ, ಅದರ ಸುತ್ತಲೂ ಬೇರೆಯೇ ಒಂದು ಪ್ರಭೆ. ಬಿರುಕೊಂದು ಅಂಚಿನಿಂದ ಒಡಲಿಗೆ ಇಳಿದಿದ್ದರೆ ಅದರ ಎರಡೂ ಬದಿ ಬೆಳ್ಳಗಾಗಿರುತ್ತದೆ, ದ್ರವ ಆ ದಾರಿಯಲ್ಲೂ ನುಸುಳಿದೆ. ಗೆರೆ ಎಲ್ಲಿ ಎಳೆಯಬೇಕೆಂಬುದನ್ನು ಈ ಚಿತ್ರ ನೋಡಿ ತೀರ್ಮಾನಿಸಬೇಕು: ನೇರವಾದ ಮೈಗೆ ಲಂಬವಾಗಿ, ಮೂಲೆಗಳಿಂದ ದೂರ, ಬಿರುಕಿನಿಂದ ದೂರ, ಒಳಸೇರಿದ ಹರಳುಗಳಿಂದ ದೂರ. ಮೂಲೆಯಲ್ಲಿ ವಿಸರಣೆ ಎರಡು ಬದಿಯಿಂದ ನುಗ್ಗುತ್ತದೆ. ಒಂದೇ ದಿಕ್ಕಿನ ಲೆಕ್ಕಕ್ಕೆ ಅದನ್ನು ಕೊಟ್ಟರೆ ಕಾಲ ಸುಳ್ಳಾಗಿ ಹಿಗ್ಗುತ್ತದೆ. ಒಂದೇ ಹರಳಿನಲ್ಲಿ ಬೇರೆ ಬೇರೆ ಮೈಗಳ ಮೇಲೆ ಕನಿಷ್ಠ ಎರಡು ಗೆರೆ ಇರಲಿ.

ಆಮೇಲೆ ಚುಕ್ಕೆ ಚುಕ್ಕೆಯಲ್ಲೂ ಧಾತುಗಳನ್ನು ಅಳೆಯುವ ಎಲೆಕ್ಟ್ರಾನ್ ಪ್ರೋಬ್. 15ರಿಂದ 20 ಕಿಲೋವೋಲ್ಟ್, ಮೊನೆ ಮಾಡಿದ ಕಿರಣ, 2ರಿಂದ 5 ಮೈಕ್ರಾನ್‌ಗೆ ಒಂದು ಚುಕ್ಕೆ. ಕಬ್ಬಿಣ-ಮೆಗ್ನೀಸಿಯಂಗೆ 20 ನ್ಯಾನೋ ಆಂಪಿಯರ್ ಸಾಕು. ನಿಕ್ಕಲ್ ಇರುವುದು ಶೇಕಡಾ ಕಾಲು ಭಾಗದಷ್ಟು ಮಾತ್ರ, ಅದಕ್ಕೆ 100 ನ್ಯಾನೋ ಆಂಪಿಯರಿಗೂ ಮೇಲೆ, ಚುಕ್ಕೆಗೆ ಒಂದು ನಿಮಿಷಕ್ಕೂ ಹೆಚ್ಚು ಎಣಿಕೆ ಬೇಕು. ಕೆಲವು ಗಂಟೆಗೊಮ್ಮೆ ಸಂಯೋಜನೆ ಮೊದಲೇ ಗೊತ್ತಿರುವ ಸಾನ್ ಕಾರ್ಲೋಸ್ ಒಲಿವಿನ್ ಮಾದರಿಯನ್ನು ಅಪರಿಚಿತ ಹರಳಿನಂತೆಯೇ ಅಳೆದು, ಯಂತ್ರ ಜಾರಿದೆಯೇ ಎಂದು ನೋಡಬೇಕು. ಆಕ್ಸೈಡ್‌ಗಳ ಮೊತ್ತ 99ರಿಂದ 101ರ ಒಳಗೆ, ನಾಲ್ಕು ಆಕ್ಸಿಜನ್‌ಗೆ ಲೋಹ-ಸಿಲಿಕಾನ್ ಸೇರಿ 3.00. ಇದಕ್ಕೆ ಹೊಂದದ ಚುಕ್ಕೆಗಳನ್ನು ಕಿತ್ತುಹಾಕಿ. ಗೆರೆ ಮುರಿಯುತ್ತದೆ ಎಂದು ಇಟ್ಟುಕೊಳ್ಳಬೇಡಿ. ಕ್ಯಾಲ್ಸಿಯಂ ವಿಷಯದಲ್ಲಿ ಇನ್ನೊಂದು ಬಲೆ ಇದೆ. ಪಕ್ಕದ ಗಾಜಿನಲ್ಲಿ ಕ್ಯಾಲ್ಸಿಯಂ ಹೇರಳ. ಒಲಿವಿನ್‌ಗೆ ಹೊಡೆದ ಕಿರಣದಿಂದ ಹೊಮ್ಮಿದ ಎಕ್ಸ್-ಕಿರಣಗಳು ಆ ಗಾಜನ್ನು ಮಿನುಗಿಸುತ್ತವೆ, ಗಾಜಿನ ಕ್ಯಾಲ್ಸಿಯಂ ಒಲಿವಿನ್‌ನದೇ ಎಂಬಂತೆ ಎಣಿಕೆಗೆ ಸೇರುತ್ತದೆ. ಅಂಚಿನ ಹತ್ತಾರು ಮೈಕ್ರಾನ್‌ವರೆಗೆ ಕ್ಯಾಲ್ಸಿಯಂ ಏರುತ್ತಾ ಹೋದಂತೆ ಕಾಣುತ್ತದೆ. ಅದು ವಿಸರಣೆಯ ಇಳಿಜಾರಲ್ಲ, ಅಳತೆಯ ನೆರಳು.

ಈಗ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದ ಮಾತು. ಒಲಿವಿನ್‌ನಲ್ಲಿ ಕಬ್ಬಿಣ-ಮೆಗ್ನೀಸಿಯಂ ಎಲ್ಲ ದಿಕ್ಕಿಗೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ಸಿ ಅಕ್ಷದ ಉದ್ದಕ್ಕೆ ಹೋಗುವ ವೇಗ ಎ ಮತ್ತು ಬಿ ಅಕ್ಷಗಳಿಗಿಂತ ಆರು ಪಟ್ಟು ಹೆಚ್ಚು. ಮೇಲೆ ಲೆಕ್ಕ ಹಾಕಿದ 39 ದಿನ ಸಿ ಅಕ್ಷದ್ದು. ಅದೇ 20 ಮೈಕ್ರಾನ್ ಎ ಅಕ್ಷದ ಉದ್ದಕ್ಕೆ ಸಿಕ್ಕಿದ್ದರೆ ಉತ್ತರ 230 ದಿನ. ಅಕ್ಷ ಅಳೆಯದೆ ಕಾಲ ಹೇಳುವುದು ಅಳತೆಗೋಲಿಲ್ಲದೆ ಗದ್ದೆ ಅಳೆದಂತೆ. ಇದಕ್ಕೆ ಹಿಂಚದುರಿದ ಎಲೆಕ್ಟ್ರಾನ್‌ಗಳ ವಿವರ್ತನೆ, ಅಂದರೆ ಇಬಿಎಸ್‌ಡಿ, ಬೇಕೇ ಬೇಕು. ಹರಳನ್ನು 70 ಡಿಗ್ರಿ ಓರೆ ಮಾಡಿ ಅಕ್ಷಗಳ ದಿಕ್ಕು ತೆಗೆಯುತ್ತಾರೆ. ಗೆರೆಗೂ ಮೂರು ಅಕ್ಷಗಳಿಗೂ ನಡುವಿನ ಕೋನಗಳ ಕೊಸೈನ್ ವರ್ಗಗಳನ್ನು ಆಯಾ ಅಕ್ಷದ ವಿಸರಣಾಂಕದಿಂದ ಗುಣಿಸಿ ಕೂಡಿಸಿದರೆ ಆ ಗೆರೆಯ ವಿಸರಣಾಂಕ.

ಇಲ್ಲಿ ಎರಡು ತಪ್ಪುಗಳು ಆಗುತ್ತವೆ, ಎರಡೂ ಸದ್ದಿಲ್ಲದೆ ಆಗುತ್ತವೆ. ಮೊದಲನೆಯದು ಅಕ್ಷಗಳ ಹೆಸರು. ವಿಸರಣೆಯ ಸಮೀಕರಣಗಳು ಬಳಸುವ ಪದ್ಧತಿಯಲ್ಲಿ ಎ 4.76, ಬಿ 10.2, ಸಿ 5.98 ಆಂಗ್‌ಸ್ಟ್ರಾಮ್. ತಂತ್ರಾಂಶದ ಖನಿಜ ಪಟ್ಟಿಯಲ್ಲಿ ಅದೇ ಒಲಿವಿನ್ ಬೇರೆ ಪದ್ಧತಿಯಲ್ಲಿ ದಾಖಲಾಗಿರಬಹುದು, ಅಲ್ಲಿ ಸಿ ಎಂಬ ಹೆಸರು ಬೇರೆ ಅಕ್ಷಕ್ಕೆ ಹೋಗಿರುತ್ತದೆ. ಹೆಸರು ನೋಡದೆ ಉದ್ದ ನೋಡಿ, 5.98 ಇರುವುದೇ ವೇಗದ ಅಕ್ಷ. ಎರಡನೆಯದು ಚಿತ್ರದ ದಿಕ್ಕು. ಇಬಿಎಸ್‌ಡಿಯಲ್ಲಿ ಇಟ್ಟ ಅಚ್ಚು ಪ್ರೋಬ್‌ನಲ್ಲಿ ಇಟ್ಟಾಗ 180 ಡಿಗ್ರಿ ತಿರುಗಿರಬಹುದು, ಚಿತ್ರ ಕನ್ನಡಿಯಂತೆ ಮಗುಚಿರಬಹುದು. ಅಚ್ಚಿನ ಮೇಲೆ ಬಾಣದ ಗುರುತು ಕೆತ್ತಿ, ಎರಡೂ ಚಿತ್ರಗಳಲ್ಲಿ ಅದೇ ಹರಳಿನ ಆಕಾರ ಕೂಡಿಸಿ ನೋಡಿಕೊಂಡ ಮೇಲೆಯೇ ಕೋನಗಳನ್ನು ಬರೆದುಕೊಳ್ಳಿ.

ಈ ಆರು ಪಟ್ಟಿನ ವ್ಯತ್ಯಾಸ ತೊಂದರೆ ಕೊಡುವಷ್ಟೇ ಉಪಕಾರವನ್ನೂ ಮಾಡುತ್ತದೆ. ಹರಳಿನ ಅಂಚಿನಲ್ಲಿ ಕಾಣುವ ಇಳಿಜಾರು ನಿಜವಾಗಿಯೂ ವಿಸರಣೆಯಿಂದ ಆದದ್ದೇ? ದ್ರವ ನಿಧಾನಕ್ಕೆ ಬದಲಾಗುತ್ತಿದ್ದಾಗ ಹರಳು ಪದರ ಪದರವಾಗಿ ಬೆಳೆದರೂ ಇಂಥದೇ ಇಳಿಜಾರು ಬರುತ್ತದೆ. ಅದಕ್ಕೆ ವಿಸರಣೆಯ ಲೆಕ್ಕ ಹಚ್ಚಿದರೆ ಬರುವ ದಿನಗಳಿಗೆ ಅರ್ಥವೇ ಇಲ್ಲ. ವಿಸರಣೆಯಾದರೆ ಸಿ ಅಕ್ಷದ ಉದ್ದಕ್ಕೆ ಇಳಿಜಾರು ಎ ಅಕ್ಷದ್ದಕ್ಕಿಂತ ಆರರ ವರ್ಗಮೂಲದಷ್ಟು, ಅಂದರೆ ಸುಮಾರು ಎರಡೂವರೆ ಪಟ್ಟು, ಉದ್ದ ಇರಬೇಕು. ಬೆಳವಣಿಗೆಗೆ ಈ ಅನುಪಾತದ ಹಂಗಿಲ್ಲ. ಇನ್ನೊಂದು ಪರೀಕ್ಷೆ ರಂಜಕದ್ದು. ಅದು ಒಲಿವಿನ್‌ನಲ್ಲಿ ಬಹಳ ನಿಧಾನ, ಹಾಗಾಗಿ ಬೆಳೆದಾಗಿನ ಪಟ್ಟಿಗಳನ್ನು ಹಾಗೇ ಉಳಿಸಿಕೊಂಡಿರುತ್ತದೆ. ರಂಜಕದ ನಕ್ಷೆಯಲ್ಲಿ ಪಟ್ಟಿಗಳು ಚೂಪಾಗಿದ್ದು, ಅದೇ ಜಾಗದಲ್ಲಿ ಕಬ್ಬಿಣ ಮಾತ್ರ ಮೆತ್ತಗೆ ಇಳಿದಿದ್ದರೆ ನಂಬಬಹುದು. ಸಾಧ್ಯವಿರುವ ಕಡೆ ಐಸೋಟೋಪುಗಳನ್ನೂ, ಅಂದರೆ ಒಂದೇ ಧಾತುವಿನ ಹಗುರ-ಭಾರ ರೂಪಗಳನ್ನೂ, ಅಳೆಯುತ್ತಾರೆ. ಹಗುರ ಐಸೋಟೋಪು ಮುಂದೆ ಓಡುತ್ತದೆ. ಕಬ್ಬಿಣ ಒಳಗೆ ಬರುತ್ತಾ ಮೆಗ್ನೀಸಿಯಂ ಹೊರಗೆ ಹೋಗುತ್ತಿದ್ದರೆ ಎರಡರ ಐಸೋಟೋಪುಗಳೂ ವಿರುದ್ಧ ದಿಕ್ಕಿಗೆ ಬಾಗುತ್ತವೆ. ಬರೀ ಬೆಳವಣಿಗೆಯಿಂದ ಆ ಜೋಡಿ ಗುರುತು ಬರುವುದಿಲ್ಲ.

ಅರ್ಧದವರೆಗೆ ಉಜ್ಜಬೇಕು ಎಂದಿದ್ದೆ. ಹಲಸಿನಹಣ್ಣನ್ನು ನಡುವಿಗೆ ಸೀಳಿದರೆ ಸಿಪ್ಪೆಯ ದಪ್ಪ ಸರಿಯಾಗಿ ಕಾಣುತ್ತದೆ. ಅಂಚಿನಲ್ಲಿ ಓರೆಯಾಗಿ ಚಿಪ್ಪು ತೆಗೆದರೆ ಸಿಪ್ಪೆ ಇದ್ದದ್ದಕ್ಕಿಂತ ದಪ್ಪ ಎನಿಸುತ್ತದೆ. ಹರಳಿನಲ್ಲೂ ಹಾಗೇ. ಕತ್ತರಿಸಿದ ಮೈ ಇಳಿಜಾರಿನ ನಿಜವಾದ ದಿಕ್ಕಿಗೆ 60 ಡಿಗ್ರಿ ಓರೆಯಾಗಿದ್ದರೆ ದೂರ ಎರಡು ಪಟ್ಟು ಹಿಗ್ಗುತ್ತದೆ, ಕಾಲ ನಾಲ್ಕು ಪಟ್ಟು. ಓರೆ ಕಡಿತ ಯಾವಾಗಲೂ ಕಾಲವನ್ನು ಹೆಚ್ಚು ಮಾಡುತ್ತದೆ, ಎಂದೂ ಕಡಿಮೆ ಮಾಡುವುದಿಲ್ಲ. ಆದ್ದರಿಂದ ಒಂದು ಹರಳಿನ ಕಾಲವನ್ನು ಜ್ವಾಲಾಮುಖಿಯ ಕಾಲ ಎಂದು ಬರೆಯುವುದನ್ನು ನಾನು ಒಪ್ಪುವುದಿಲ್ಲ. ಇಪ್ಪತ್ತು ಹರಳುಗಳಾದರೂ ಬೇಕು. ಅವುಗಳಲ್ಲಿ ಆಕಾರ ಸಮವಾಗಿರುವ, ಎದುರು ಬದಿಗಳ ಪಟ್ಟಿ ಒಂದೇ ಅಗಲವಿರುವ ಹರಳುಗಳಿಗೆ ಹೆಚ್ಚು ಬೆಲೆ ಕೊಡಬೇಕು.

ಉಷ್ಣಾಂಶವನ್ನು ಹರಳಿನ ಸುತ್ತಲಿನ ಗಾಜಿನಿಂದಲೇ ತೆಗೆಯುವುದು ವಾಡಿಕೆ. ಹವಾಯಿಯ ಕಿಲೌಯಾ ಗಾಜಿಗೆ ಹೆಲ್ಜ್ ಮತ್ತು ಥಾರ್ನ್‌ಬರ್ 1987ರಲ್ಲಿ ಕೊಟ್ಟ ಸೂತ್ರ ಸುಲಭವಾದದ್ದು: ಮೆಗ್ನೀಸಿಯಂ ಆಕ್ಸೈಡ್ ಶೇಕಡಾವಾರನ್ನು 20.1ರಿಂದ ಗುಣಿಸಿ 1014 ಕೂಡಿಸಿ. ಶೇಕಡಾ 7 ಇದ್ದರೆ 1155 ಡಿಗ್ರಿ. ಇದನ್ನು ಇರಾಸುವಿಗೋ ಬ್ಯಾರನ್ ದ್ವೀಪಕ್ಕೋ ಹಚ್ಚಬಾರದು. ಅವುಗಳ ಶಿಲಾಪಾಕದಲ್ಲಿ ನೀರು ಹೆಚ್ಚು, ನೀರು ಹೆಚ್ಚಿದ್ದಲ್ಲಿ ಅದೇ ಹರಳು ಕಡಿಮೆ ಉಷ್ಣಾಂಶದಲ್ಲಿ ಹುಟ್ಟುತ್ತದೆ. ಅಂಥ ಕಡೆ ನೀರಿನ ಪ್ರಮಾಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಒಲಿವಿನ್-ದ್ರವ ಸಮತೋಲನದ ಸೂತ್ರಗಳನ್ನೋ, ಒಲಿವಿನ್ ಮತ್ತು ಸ್ಪಿನೆಲ್ ನಡುವೆ ಅಲ್ಯೂಮಿನಿಯಂ ಹಂಚಿಕೆಯನ್ನೋ ಬಳಸಬೇಕು. ಆಕ್ಸಿಜನ್ ಮಟ್ಟದ ಪ್ರಭಾವ ಇಷ್ಟು ಕಟುವಲ್ಲ. ವಿಸರಣಾಂಕ ಅದರ ಆರನೇ ಮೂಲದಂತೆ ಬದಲಾಗುತ್ತದೆ, ಹತ್ತು ಪಟ್ಟು ತಪ್ಪಿದರೂ ಕಾಲ ಒಂದೂವರೆ ಪಟ್ಟಿನೊಳಗೇ ತಪ್ಪುತ್ತದೆ.

ಕೊನೆಯ ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ. ಡಿಪ್ರಾ, ಡಿಫೆನ್ಸ್ ಎಂಬ ಸಿದ್ಧ ತಂತ್ರಾಂಶಗಳಿವೆ, ನೀವೇ ಬರೆದುಕೊಳ್ಳುವುದೂ ಕಷ್ಟವಲ್ಲ. ಗೆರೆಯನ್ನು ಒಂದೊಂದು ಮೈಕ್ರಾನ್ ತುಂಡು ಮಾಡಿ, ಹೆಜ್ಜೆ ಹೆಜ್ಜೆಯಾಗಿ ಕಾಲ ಮುಂದೂಡಿ, ಅಳೆದ ಇಳಿಜಾರಿಗೆ ಹೊಂದುವವರೆಗೆ ಓಡಿಸುವುದು. ಹೆಜ್ಜೆ ದೊಡ್ಡದಾದರೆ ಸಂಖ್ಯೆಗಳು ಹುಚ್ಚೆದ್ದು ಮೇಲೆ ಕೆಳಗೆ ಕುಣಿಯುತ್ತವೆ. ವಿಸರಣಾಂಕ ಗುಣಿಸು ಕಾಲದ ಹೆಜ್ಜೆ, ಭಾಗಿಸು ತುಂಡಿನ ವರ್ಗ, ಅರ್ಧಕ್ಕಿಂತ ಹೆಚ್ಚಾಗಬಾರದು. ನಮ್ಮ 1150 ಡಿಗ್ರಿಯ ಉದಾಹರಣೆಯಲ್ಲಿ ಒಂದು ಹೆಜ್ಜೆ ಸುಮಾರು 70 ನಿಮಿಷ ಮೀರಕೂಡದು. ಕಬ್ಬಿಣ ಹೆಚ್ಚಾದಲ್ಲಿ ವಿಸರಣೆಯೂ ವೇಗ, ಹಾಗಾಗಿ ಮಿತಿಯನ್ನು ಅಂಚಿನ ಸಂಯೋಜನೆಗೆ ಹಾಕಬೇಕು, ನಡುಭಾಗಕ್ಕಲ್ಲ.

ಶುರುವಿನ ಸ್ಥಿತಿ ಹೇಗಿತ್ತು ಎಂಬುದು ಊಹೆ. ಗೋಡೆಯಂತೆ ನೆಟ್ಟಗಿನ ಮೆಟ್ಟಿಲು ಇತ್ತು ಎಂದುಕೊಂಡರೆ ಸಿಗುವುದು ಅತಿ ಹೆಚ್ಚಿನ ಕಾಲ. ಮೊದಲೇ ಸ್ವಲ್ಪ ಇಳಿಜಾರು ಇದ್ದಿದ್ದರೆ ನಿಜವಾದ ಕಾಲ ಅದಕ್ಕಿಂತ ಕಡಿಮೆ. ಉತ್ತರ ಬರೆಯುವಾಗ “39 ದಿನ” ಎಂದಷ್ಟೇ ಬರೆದರೆ ಸಾಲದು. ಉಷ್ಣಾಂಶದ ಅನುಮಾನ, ವಿಸರಣಾಂಕದ್ದೇ ಅನುಮಾನ ಎಲ್ಲ ಸೇರಿ ಸಾಮಾನ್ಯವಾಗಿ ಎರಡು ಪಟ್ಟಾದರೂ ಆಚೀಚೆ ಇರುತ್ತದೆ. ದಿನಗಳೇ, ತಿಂಗಳುಗಳೇ, ದಶಕಗಳೇ ಎಂಬುದನ್ನು ಈ ವಿಧಾನ ಖಚಿತವಾಗಿ ಹೇಳುತ್ತದೆ. ಸೋಮವಾರವೋ ಬುಧವಾರವೋ ಎಂದು ಹೇಳುವುದಿಲ್ಲ.

ಹಾಗಾದರೆ ಆ ದಿನಗಳು ಯಾವುದರ ದಿನಗಳು? ಇಲ್ಲೇ ಬಹಳ ಬರಹಗಳು ಎಡವುತ್ತವೆ. ಒಲಿವಿನ್ ಅಂಚು ಎಣಿಸುವುದು ಹರಳು ಹೊಸ ದ್ರವಕ್ಕೆ ಬಿದ್ದಂದಿನಿಂದ ತಣಿದವರೆಗಿನ ಕಾಲ. ಅದರಲ್ಲಿ ಕೆಳಗೆ ಬೆರೆತು ಕಾದದ್ದೂ ಇದೆ, ಮೇಲೇರಿದ್ದೂ ಇದೆ. ಬರೀ ಏರಿಕೆಯ ಕಾಲ ಬೇಕಾದರೆ ಒತ್ತಡಕ್ಕೆ ಸ್ಪಂದಿಸುವ ಗಡಿಯಾರ ಬೇಕು. ಆಂಫಿಬೋಲ್ ಅಂಥದೊಂದು. ತನ್ನೊಳಗೆ ನೀರು ಇಟ್ಟುಕೊಂಡ ಈ ಖನಿಜ ಕೆಲವು ಕಿಲೋಮೀಟರ್‌ಗಿಂತ ಮೇಲೆ ಬಂದರೆ ಬಾಳುವುದಿಲ್ಲ, ಅಂಚಿನಿಂದ ಒಡೆದು ಸಣ್ಣ ಹರಳುಗಳ ಕಪ್ಪು ಚೌಕಟ್ಟಾಗುತ್ತದೆ. ರುದರ್‌ಫೋರ್ಡ್ ಮತ್ತು ಹಿಲ್ 1993ರಲ್ಲಿ ತೋರಿಸಿದಂತೆ 900 ಡಿಗ್ರಿಯಲ್ಲಿ ಆ ಚೌಕಟ್ಟು ಮೂಡಲು ಸುಮಾರು ನಾಲ್ಕು ದಿನ ಬೇಕು. 1980ರ ಮೇ 18ರ ಅಮೆರಿಕದ ಸೇಂಟ್ ಹೆಲೆನ್ಸ್ ಸ್ಫೋಟದ ಪ್ಯೂಮಿಸ್ ಎಂಬ ಹಗುರ ನೊರೆಗಲ್ಲಿನಲ್ಲಿ ಆಂಫಿಬೋಲ್ ಚೌಕಟ್ಟಿಲ್ಲದೆ ಸ್ವಚ್ಛವಾಗಿದೆ. ಆ ಶಿಲಾಪಾಕ ನಾಲ್ಕು ದಿನಕ್ಕಿಂತ ಬೇಗ ಮೇಲೆ ಬಂದಿದೆ.

ಅದಕ್ಕೂ ವೇಗದ ಏರಿಕೆಗೆ ಹರಳಿನ ಅಂಚಿನ ಕೊಲ್ಲಿಗಳನ್ನು ನೋಡಬೇಕು. ಹರಳಿನೊಳಗೆ ನುಗ್ಗಿದ ಗಾಜಿನ ಸಣ್ಣ ಕೊಳವೆ, ಒಂದು ಬಾಯಿ ಹೊರಕ್ಕೆ ತೆರೆದದ್ದು. ಶಿಲಾಪಾಕ ಮೇಲೇರುವಾಗ ಒತ್ತಡ ಇಳಿಯುತ್ತದೆ, ಹೊರಗಿನ ದ್ರವದಿಂದ ನೀರು, ಇಂಗಾಲದ ಡೈಆಕ್ಸೈಡ್, ಗಂಧಕ ಗುಳ್ಳೆಗಳಾಗಿ ಹೊರಡುತ್ತವೆ. ಕೊಲ್ಲಿಯ ಒಳತುದಿಯಲ್ಲಿರುವುದು ಬಾಯಿಯತ್ತ ಹರಿದು ಹೊರಡಬೇಕು, ಅದಕ್ಕೆ ಹೊತ್ತು ಬೇಕು. ಮೂರರ ವೇಗವೂ ಬೇರೆ ಬೇರೆ, ನೀರು ಎಲ್ಲಕ್ಕಿಂತ ಮುಂದೆ. ಮೂರೂ ಇಳಿಜಾರುಗಳಿಗೆ ಒಂದೇ ಕಾಲ ಹೊಂದಿದರೆ ಉತ್ತರ ಗಟ್ಟಿ. ಗ್ವಾಟೆಮಾಲಾದ ಫ್ಯೂಗೊ ಜ್ವಾಲಾಮುಖಿಯ 1974ರ ಅಕ್ಟೋಬರ್ ಸ್ಫೋಟದ ಒಲಿವಿನ್ ಕೊಲ್ಲಿಗಳನ್ನು ನ್ಯಾನೋಸಿಮ್ಸ್ ಎಂಬ ಸೂಕ್ಷ್ಮ ಅಳತೆಯ ಯಂತ್ರದಲ್ಲಿ ಅಳೆದಾಗ ಒತ್ತಡ ಸೆಕೆಂಡಿಗೆ 0.3ರಿಂದ 0.5 ಮೆಗಾಪಾಸ್ಕಲ್ ಇಳಿದದ್ದು ಕಂಡಿತು. ಒಂದು ಮೆಗಾಪಾಸ್ಕಲ್ ಎಂದರೆ ಹೆಚ್ಚುಕಡಿಮೆ 40 ಮೀಟರ್ ಕಲ್ಲಿನ ಭಾರ. ಅಂದರೆ ಸೆಕೆಂಡಿಗೆ 12ರಿಂದ 20 ಮೀಟರ್. ಹತ್ತು ಕಿಲೋಮೀಟರ್ ಏರಲು ಹತ್ತು ನಿಮಿಷದ ಆಸುಪಾಸು ಸಾಕು.

ಉತ್ತರ ಐಸ್‌ಲ್ಯಾಂಡಿನ ಬೋರ್ಗಾರ್‌ಹ್ರೌನ್ ಸ್ಫೋಟದ ಹರಳುಗಳಲ್ಲಿ ಎರಡು ಗಡಿಯಾರಗಳನ್ನು ಅಕ್ಕಪಕ್ಕ ಓದಿದ್ದಾರೆ. 2019ರಲ್ಲಿ ಯುವಾನ್ ಮುಚ್ ಮತ್ತು ಸಂಗಡಿಗರು ಪ್ರಕಟಿಸಿದ ಈ ಕೆಲಸ ನನಗೆ ಬಹಳ ಮೆಚ್ಚುಗೆಯದು. ಸ್ಪಿನೆಲ್‌ನಲ್ಲಿ ಕ್ರೋಮಿಯಂ ಮತ್ತು ಅಲ್ಯೂಮಿನಿಯಂ ಬಹಳ ನಿಧಾನಕ್ಕೆ ಜಾಗ ಬದಲಿಸಿಕೊಳ್ಳುತ್ತವೆ. ಅದು ಹೇಳಿದ್ದು, ಮ್ಯಾಂಟಲ್ ಅಂಚಿನ ಹತ್ತಿರ ಹರಳುಗಳು ಸುಮಾರು ಸಾವಿರ ವರ್ಷ ತಂಗಿದ್ದವು ಎಂದು. ಒಲಿವಿನ್ ಅಂಚಿನ ಕಬ್ಬಿಣ, ಮೆಗ್ನೀಸಿಯಂ, ನಿಕ್ಕಲ್, ಮ್ಯಾಂಗನೀಸ್ ಹೇಳಿದ್ದು, ಸುಮಾರು 24 ಕಿಲೋಮೀಟರ್ ಆಳದ ಆ ತಾಣ ಬಿಟ್ಟು ಮೇಲೆ ಬರಲು ಸುಮಾರು ಹತ್ತು ದಿನ ಎಂದು. ಸೆಕೆಂಡಿಗೆ ಮೂರು ಸೆಂಟಿಮೀಟರಿನ ಆಸುಪಾಸು, ಇರುವೆ ಸಾಲಿನ ನಡಿಗೆಯಷ್ಟು. ಸಾವಿರ ವರ್ಷದ ತಂಗುವಿಕೆಯೂ ಹತ್ತು ದಿನದ ಓಟವೂ ಒಂದೇ ಕಲ್ಲಿನಲ್ಲಿ, ಒಂದಕ್ಕೊಂದು ಅಡ್ಡ ಬರದೆ ನಿಂತಿವೆ.

ಇರಾಸುವಿನ ಕೆಳಗೂ ಶಿಲಾಪಾಕದ ಒಂದು ಪಾಲು ಹೀಗೆ ನಡುವೆ ನಿಲ್ಲದೆ ಬಂದಿದ್ದರೆ, ಕಾವಲು ಇರಬೇಕಾದದ್ದು ಬೆಟ್ಟದ ಕೆಳಗಿನ ಐದಾರು ಕಿಲೋಮೀಟರಿಗೆ ಮಾತ್ರ ಅಲ್ಲ. ಇಪ್ಪತ್ತು, ಮೂವತ್ತು ಕಿಲೋಮೀಟರ್ ಆಳದಲ್ಲಿ ಏಳುವ ಸಣ್ಣ ಸಣ್ಣ ಕಂಪನಗಳನ್ನು ಹಿಡಿಯುವ ಭೂಕಂಪಮಾಪಕಗಳು ಬೇಕು. ಹರಳು ಹೇಳಿದ ತಿಂಗಳುಗಳ ಎಚ್ಚರಿಕೆ ಅಲ್ಲಿಂದಲೇ ಶುರುವಾಗುತ್ತದೆ. ಚಿಲಿಯ ಚೈತೆನ್ ಜ್ವಾಲಾಮುಖಿಯಲ್ಲಿ ಆ ಅವಕಾಶ ಸಿಗಲಿಲ್ಲ. 2008ರ ಏಪ್ರಿಲ್ ಕೊನೆಯಲ್ಲಿ ಊರಿನವರಿಗೆ ನೆಲ ನಡುಗಿದ್ದು ತಿಳಿದ ಸುಮಾರು ಒಂದು ದಿನದೊಳಗೆ ಸ್ಫೋಟ. ಅದರ ಪ್ಯೂಮಿಸ್‌ನ ಪ್ಲಾಜಿಯೋಕ್ಲೇಸ್ ಎಂಬ ಖನಿಜದ ಹರಳುಗಳ ಸುತ್ತ ಒತ್ತಡ ಇಳಿದಾಗ ಬೆಳೆಯಬೇಕಾದ ಪದರವೇ ಇಲ್ಲ. ಕ್ಯಾಸ್ಟ್ರೊ ಮತ್ತು ಡಿಂಗ್‌ವೆಲ್ ಅದೇ ಶಿಲಾಪಾಕವನ್ನು ಪ್ರಯೋಗಾಲಯದಲ್ಲಿ ಬೇರೆ ಬೇರೆ ವೇಗದಲ್ಲಿ ಒತ್ತಡ ಇಳಿಸಿ ನೋಡಿದರು. ಪದರ ಮೂಡದಿರಬೇಕಾದರೆ ಐದು ಕಿಲೋಮೀಟರಿಗೂ ಹೆಚ್ಚಿನ ಆಳದಿಂದ ಅದು ಸುಮಾರು ನಾಲ್ಕು ಗಂಟೆಯಲ್ಲಿ ಬಂದಿರಬೇಕು. ಚೈತೆನ್ ಊರು ಇದ್ದದ್ದು ಬೆಟ್ಟದಿಂದ ಹತ್ತು ಕಿಲೋಮೀಟರ್ ದೂರದಲ್ಲಿ.